ತಂತಿ ಬ್ರಷ್ಷಿಗೆ ಸಿಕ್ಕ ಮರ

ಗರಗಸದ ಶೆಡ್ಡಿನ ಹಿಂದಿನ ಮನೆ
ಮಾರ್ಚ್ ೯, ಭಾನುವಾರ

ಮುದ್ದು ಮಗಳೇ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೋ, ಇನ್ನೂ ಹಾಗೇ ಇದೆಯೋ? ಒದ್ದೆ ಕಾಡಿನಲ್ಲಿ ಮಂಡಿಯೂರಿ ಕೂತು ಮರದ ತೊಗಟೆಯನ್ನು ಭೂತಗನ್ನಡಿಯಲ್ಲಿ ನೋಡುವವರಿಗೆ ಕೆಮ್ಮು ಬರದೆ ಇನ್ನೇನು ಬರುತ್ತದೆ! ಕುತ್ತಿಗೆಗೆ ಸುತ್ತಿಕೊಳ್ಳಲೆಂದು ನಾನು ಕಳಿಸಿದ ಉಣ್ಣೆಯ ಬಟ್ಟೆಯಲ್ಲಿ ನೀನು ಆ ನಿನ್ನ ಪಾಚಿಗಳನ್ನು ಸುತ್ತಿಡುತ್ತಿದ್ದೀಯ ಎಂದು ನನಗೆ ಗೊತ್ತು. ಹೆತ್ತವಳಿಗೆ ಅಷ್ಟೂ ಗೊತ್ತಾಗುವುದಿಲ್ಲವೇ? ನಾನು ಚೆನ್ನಾಗಿದ್ದೇನೆ. ಶೆಡ್ಡಿನಲ್ಲಿ ದಿನವಿಡೀ ಗರಗಸದ ಹಲ್ಲಿಗೆ ಅರ ಹಾಕಿ ಹಾಕಿ ಹೆಬ್ಬೆರಳು ಜೋಮು ಹಿಡಿಯುತ್ತದೆ, ಅದೇನು ಹೊಸದಲ್ಲ. ಈ ಕಾಗದ ನಿಮ್ಮಪ್ಪನ ವಿಷಯಕ್ಕೆ. ಅವರು ಹಿತ್ತಲಲ್ಲಿ ಬೂಟು ತೊಳೆಯುತ್ತಿದ್ದಾರೆ, ಒಳಗೆ ಬರುವಷ್ಟರಲ್ಲಿ ಬರೆದು ಮುಗಿಸಬೇಕು.

ಕಳೆದ ಸಲ ನೀನು ಬಂದಾಗ ಊಟದ ಮೇಜಿನ ಮುಂದೆ ನಡೆದ ರಾದ್ಧಾಂತ ನೆನಪಿದೆಯಲ್ಲ. ಇನ್ನು ಮೇಲೆ ಕಾಡು ಕಡಿಯುವ ಕಡೆಯಲ್ಲೆಲ್ಲ ಹಳೆಯ ಮರಗಳದೊಂದು ಗುಂಪನ್ನು ಹಾಗೇ ಬಿಡಬೇಕೆಂದು ನಿಮ್ಮ ಆಫೀಸಿನವರು ಇವರ ಕಂಪನಿಯನ್ನು ಒಪ್ಪಿಸಿದ್ದಾರೆ ಎಂದು ನೀನು ಹೇಳಿದ್ದೇ ತಡ, ಇವರಿಗೆ ಸಿಟ್ಟು ನೆತ್ತಿಗೇರಿತು. ಒಳಗೆ ಪೊಳ್ಳು, ಹೊರಗೆ ಡೊಂಕು, ಒಂದು ನೆಟ್ಟಗಿನ ಹಲಗೆ ಬಾರದ ಮರಗಳನ್ನು ಸುತ್ತು ಹಾಕಿಕೊಂಡು ಮರ ಕಡಿಯುವ ಅಷ್ಟು ದೊಡ್ಡ ಯಂತ್ರ ಓಡಿಸುವವನು ನಾನು, ನೀವಲ್ಲ ಎಂದರು. ನೀನೇನು ಕಮ್ಮಿಯೇ? "ಮರ ಅಂದ್ರೆ ನಿನಗೆ ಬರೀ ಹಲಗೆ ಕಣಪ್ಪಾ" ಎಂದುಬಿಟ್ಟೆ. ಅವರು ಅರ್ಧ ಊಟಕ್ಕೇ ಎದ್ದು ಹೋದರು. ಎಳೆಯ ಮರದ ನುಣುಪು ತೊಗಟೆಯ ಮೇಲೆ ಕೆಲವು ಪಾಚಿ, ಕಲ್ಲುಹೂವು ಹಿಡಿಯುವುದೇ ಇಲ್ಲ, ಮರಕ್ಕೆ ವಯಸ್ಸಾಗುವ ಮೊದಲೇ ನಾವು ಕಡಿಯುವುದರಿಂದ ಅವಕ್ಕೆ ನೆಲೆಯೇ ಇಲ್ಲದಂತಾಗಿದೆ, ನಾಲ್ಕು ಹಳೆಯ ಮರ ಒಟ್ಟಿಗೆ ನೆರಳು ಮಾಡಿಕೊಂಡು ನಿಂತಿದ್ದರೆ ಅಲ್ಲಿಂದ ಮತ್ತೆ ಹೊಸ ಕಾಡಿಗೆ ಹರಡುತ್ತವೆ ಎಂದೆಲ್ಲ ಆಮೇಲೆ ನೀನು ವಿವರಿಸಿದ್ದು ಪಾತ್ರೆ ಒರೆಸುತ್ತಿದ್ದ ನನ್ನೊಬ್ಬಳಿಗೆ. ಅಂದಿನಿಂದ ನಿನ್ನ ಫೋನು ಬಂದರೆ ಅವರು ಮಾತಾಡದೆ ನನ್ನ ಕೈಗೆ ಕೊಡುತ್ತಾರೆ, ನೀನೂ ಅವರಿಗೆ ಕೊಡು ಎನ್ನುವುದಿಲ್ಲ. ನಿಮ್ಮಿಬ್ಬರ ನಡುವೆ ಸಿಕ್ಕಿಕೊಂಡು ನನಗೆ ಸಾಕು ಸಾಕಾಗಿದೆ.

ಆದರೆ ಕೇಳು. ಕಡಿತದ ಸರದಿ ನಿನ್ನ ಮರಗಳ ಹತ್ತಿರ ಬಂದಾಗ ನಿಮ್ಮಪ್ಪ ಬೇರೆ ಯಾರಿಗೂ ಯಂತ್ರ ಮುಟ್ಟಲು ಬಿಡಲಿಲ್ಲವಂತೆ. ಬೇರು ತುಳಿಯಬಾರದೆಂದು ಎಷ್ಟೋ ದೂರದಿಂದ ಬಳಸಿಕೊಂಡು ಹೋದರಂತೆ. ಹಳೆಯವನ್ನಷ್ಟೇ ಬಿಟ್ಟರೆ ಗಾಳಿಗೆ ಉರುಳಿಬಿಡುತ್ತವೆ ಎಂದು ಮೇಸ್ತ್ರಿಯ ಹತ್ತಿರ ಜಗಳವಾಡಿ ಸುತ್ತಲಿನ ಇನ್ನಷ್ಟು ಮರಗಳನ್ನೂ ಉಳಿಸಿಕೊಂಡರಂತೆ. ಮನೆಯಲ್ಲಿ ಮಾತ್ರ ತುಟಿಪಿಟಕ್ಕೆನ್ನಲಿಲ್ಲ. ಇದೆಲ್ಲ ನನಗೆ ಮೇಸ್ತ್ರಿಯ ಹೆಂಡತಿಯಿಂದ ಗೊತ್ತಾದದ್ದು.

ಈಗ ನಡೆದದ್ದನ್ನು ಹೇಗೆ ಬರೆಯಲಿ? ತಿಂಗಳ ಕೊನೆಗೆ ನೀನು ಮರ ನೋಡಲು ಬರುತ್ತೀಯ ಎಂದು ಶೆಡ್ಡಿನಲ್ಲಿ ಸುದ್ದಿಯಾಯಿತು. ಯಾರಾದರೂ ಬರುತ್ತಾರೆಂದರೆ ನಿಮ್ಮಪ್ಪನ ಕೈ ಸುಮ್ಮನಿರುತ್ತದೆಯೇ? ನಿನ್ನೆಯಲ್ಲ, ಅದರ ಹಿಂದಿನ ಶನಿವಾರ ಯಂತ್ರದ ಕೆಸರು ಕೆರೆಯುವ ತಂತಿ ಬ್ರಷ್ಷು ಹಿಡಿದುಕೊಂಡು ಹೋದವರು, ಆ ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡ ಮರವನ್ನು ಬುಡದಿಂದ ಕೈಗೆಟುಕುವ ತನಕ ಉಜ್ಜಿ ಉಜ್ಜಿ ತೊಳೆದು ಬಂದಿದ್ದಾರೆ. ಚರ್ಮದ ಡಾಕ್ಟರು ಕಜ್ಜಿ ನೋಡುವ ಹಾಗೆ ನೀನು ಪಾಚಿ ನೋಡುವವಳು, ಅದು ಮರಕ್ಕೆ ಹಿಡಿದ ರೋಗ, ಬಿಡಿಸುವುದೇ ನಿನ್ನ ಓದು ಎಂದು ಇಷ್ಟು ದಿನವೂ ತಿಳಿದುಕೊಂಡಿದ್ದರಂತೆ, ಪುಣ್ಯಾತ್ಮ! ಮನೆಗೆ ಬಂದು ಎದೆಯುಬ್ಬಿಸಿ, ನಿನ್ನ ಮಗಳ ಮರ ಫಳಫಳ ಹೊಳೆಯುತ್ತಿದೆ, ಬಂದು ನೋಡಲಿ ಎಂದರು. ಅಷ್ಟು ಸಂತೋಷದಲ್ಲಿದ್ದವರಿಗೆ ನಿಜ ಹೇಳಲು ಮನಸ್ಸಾಗದೆ ಕಾಫಿ ಮಾಡಲು ಒಳಗೆ ಹೋದೆ.

ಸೋಮವಾರ ಮೇಸ್ತ್ರಿ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ಆ ಪಾಚಿಗೋಸ್ಕರವೇ ಮಾರಾಯ ಮರ ಬಿಟ್ಟದ್ದು ಎಂದು ಬಿಡಿಸಿ ಹೇಳಿದನಂತೆ. ಕಲ್ಲುಹೂವು ಉಗುರಿನಷ್ಟು ಅಗಲವಾಗಲು ಎಷ್ಟೋ ವರ್ಷ ಬೇಕು ಎಂದೂ ಹೇಳಿದನಂತೆ. ಮನೆಗೆ ಬಂದ ಇವರ ಮುಖ ನೋಡಿ ನನಗೆ ಮೊದಲು ನಗು ಬಂತು, ಆಮೇಲೆ ಅಯ್ಯೋ ಪಾಪ ಎನಿಸಿತು. ಅಂದಿನಿಂದ ತಟ್ಟೆಯ ಮುಂದೆ ಕೂತು ಎದ್ದು ಹೋಗುತ್ತಾರೆ. "ಅವಳು ಬರೋ ದಿನ ನಾನು ಇರಲ್ಲ, ಎಲ್ಲಾದ್ರೂ ಹೋಗ್ತೀನಿ" ಎನ್ನುತ್ತಾರೆ. ಮಗಳೇ, ನಿನಗೆ ಎಷ್ಟು ಸಂಕಟವಾಗುತ್ತದೆಂದು ನನಗೆ ಗೊತ್ತು. ಎತ್ತರದಲ್ಲಿ ಇರುವುದು ಹಾಗೇ ಇದೆ, ಪಕ್ಕದ ಮರಗಳನ್ನು ಅವರು ಮುಟ್ಟಿಲ್ಲ, ನಾನೇ ಹೋಗಿ ನೋಡಿ ಬಂದೆ. ಬೈಯಲೇಬೇಕೆಂದರೆ ನನ್ನನ್ನು ಬೈದುಬಿಡು. ಅವರಿಗೆ ಒಂದು ಮಾತೂ ಆಡಬೇಡ, ತಡೆದುಕೊಳ್ಳುವ ಸ್ಥಿತಿಯಲ್ಲಿ ಅವರಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ನೂರು ಕಾಲ ತಣ್ಣಗಿರು, ನನ್ನ ಬಂಗಾರ.

ನಿನ್ನ
ಅಮ್ಮ

ಮರೆತ ಮಾತು: ಲಕೋಟೆಗೆ ಅಂಟು ಹಚ್ಚುವಾಗ ನಿಮ್ಮಪ್ಪನ ಕೈಗೆ ಸಿಕ್ಕಿಬಿದ್ದೆ. ಬಾಗಿಲಲ್ಲೇ ನಿಂತಿದ್ದಾರೆ. ನಿನಗೆ ಹೇಳಬಾರದೆಂದು ಆಣೆ ಹಾಕಿಸಿದ್ದನ್ನು ಈಗ ಅವರೇ ಬರೆ ಎನ್ನುತ್ತಿದ್ದಾರೆ. ಸೋಮವಾರ ಸಂಜೆ ಮತ್ತೆ ಹೋಗಿ, ಮರದ ಬುಡದಲ್ಲಿ ಉದುರಿದ್ದ ಪಾಚಿ, ಕಲ್ಲುಹೂವಿನ ಚೂರುಗಳನ್ನೆಲ್ಲ ಆರಿಸಿ ಒದ್ದೆ ಗೋಣಿಯಲ್ಲಿ ತಂದು ಬಚ್ಚಲುಮನೆಯಲ್ಲಿ ಹರಡಿದ್ದಾರೆ. ಬೆಳಗ್ಗೆ ಸಂಜೆ ನೀರು ಚಿಮುಕಿಸುತ್ತಾರೆ. ಅವು ಮತ್ತೆ ಹಿಡಿದುಕೊಳ್ಳುತ್ತವೆಯೇ? ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ: "ಯಾವುದು ಎಲ್ಲಿಗೆ ಅಂತ ಅವಳೇ ಹೇಳ್ಲಿ. ನಾನು ಏಣಿ ಹಿಡ್ಕೊಂಡಿರ್ತೀನಿ." ತಿಂಗಳ ಕೊನೆಯ ತನಕ ಕಾಯಬೇಡ, ಈ ವಾರವೇ ಬಾ. ನಾವಿಬ್ಬರೂ ಅಡುಗೆಮನೆಯಲ್ಲಿ ಬಕೆಟ್ ಇಟ್ಟುಕೊಂಡು ಸ್ನಾನ ಮಾಡುತ್ತಿದ್ದೇವೆ.