ಎರವಲು ತಂದ ಗಂಡು ಹೂಗಳು

ಮುರ್ಗಾಬ್,
ಜುಲೈ ಹತ್ತೊಂಬತ್ತು, ಮಧ್ಯಾಹ್ನದ ಚಹಾ ಮುಗಿಸಿ

ನನ್ನ ಮನೆಯೊಡತಿ ಜೂರಕಾನಳಿಗೆ,

ಹೇಗಿದ್ದೀಯೇ? ಕಾಲಿನ ಬಾವು ಇಳಿಯಿತೇ? ಮಲಗಿದರೆ ಉಸಿರು ಸಲೀಸಾಗಿ ಬರುತ್ತಿದೆಯೇ, ಇಲ್ಲಾ ಈಗಲೂ ದಿಂಬುಗಳನ್ನು ಒಟ್ಟಿಕೊಂಡು ಗೋಡೆಗೊರಗಿ ಕೂರುತ್ತೀಯಾ? ಇದನ್ನೆಲ್ಲ ಫೋನಿನಲ್ಲೇ ಕೇಳಬಹುದಿತ್ತು. ಆದರೆ ಇಲ್ಲಿ ಗಾಳಿ ಎದ್ದರೆ ಫೋನು ಸತ್ತ ಹಾಗೆಯೇ. ನಾನು ಕಿರುಚುತ್ತೇನೆ, ನೀನು ಉತ್ತರ ಕೊಡಲು ಹೋಗಿ ಏದುಸಿರು ಬಿಡುತ್ತೀ, ನಡುವೆ ಬುರುಲ್ ಫೋನು ಕಿತ್ತುಕೊಂಡು "ಅಪ್ಪಾ, ಅಮ್ಮನ್ನ ಮಾತಾಡ್ಸಿ ಮಾತಾಡ್ಸಿ ಸುಸ್ತು ಮಾಡ್ಬೇಡ, ಇಡು" ಅನ್ನುತ್ತಾಳೆ. ಮಗಳಿಗೆ ಥೇಟ್ ನಿನ್ನದೇ ಬಾಯಿ. ಅದಕ್ಕೇ ಈ ಕಾಗದ. ಲಾರಿ ಎರ್ಗೆಶ್ ಇವತ್ತು ನೀವಿರುವ ಓಷ್‌ಗೆ ಇಳಿಯುತ್ತಿದ್ದಾನೆ, ಅವನ ಕೈಲಿ ಕೊಡುತ್ತೇನೆ.

ನಾನು ಗುಂಡುಕಲ್ಲಿನಂತಿದ್ದೇನೆ. ನಮ್ಮ ಯಾಕ್ ದನಗಳು ನನ್ನ ತಮ್ಮ ತಶ್ತಾನನ ಜೊತೆ ಮೇಲಿನ ಹುಲ್ಲುಗಾವಲಿನಲ್ಲಿವೆ. ಮೊನ್ನೆ ಮತ್ತೆ ಹಿಮ ಬಿತ್ತು, ಮಧ್ಯಾಹ್ನಕ್ಕೆ ಕರಗಿತು. ನೀನು ಮತ್ತೆ ಈ ಎತ್ತರಕ್ಕೆ ಹತ್ತಬಹುದೋ ಇಲ್ಲವೋ, ಎದೆ ಪರೀಕ್ಷಿಸಿ ಈ ತಿಂಗಳು ಹೇಳುತ್ತೇವೆ ಅಂತ ಡಾಕ್ಟರು ಅಂದಿದ್ದರಲ್ಲ. ನಿನ್ನ ಕಳೆದ ಕಾಗದದಲ್ಲಿ ಆ ಸುದ್ದಿಯೇ ಇಲ್ಲ. "ಸ್ವಲ್ಪ ತಡ ಆಗತ್ತೆ, ಸೌತೆ ನೋಡ್ಕೋ" ಅಂತ ಬರೆದು ಮುಗಿಸಿದ್ದೀ. ಇರಲಿ. ನೋಡಿಕೋ ಅಂದೆಯಲ್ಲ, ಹೇಗೆ ನೋಡಿಕೊಂಡೆ ಅಂತ ಮೊದಲು ಒಪ್ಪಿಸುತ್ತೇನೆ.

ನಿನ್ನ ಹಸಿರುಮನೆಯನ್ನು ನಾನು ಎಷ್ಟು ಆಡಿಕೊಂಡಿಲ್ಲ! ಶಾಲೆಯವರು ಬಿಸಾಡಿದ ಕಿಟಕಿಗಳನ್ನು ನೀನು ಬೆನ್ನ ಮೇಲೆ ಹೊತ್ತು ತಂದು ಮಣ್ಣಿನ ಗೋಡೆಗೆ ಒರಗಿಸುವಾಗ, ಕೈ ಹಾಕುವುದು ಬಿಟ್ಟು "ಸೊಪ್ಪು ತಿನ್ನೋಕೆ ಕುರಿ ಇದೆ, ಕುರಿ ತಿನ್ನೋಕೆ ನಾನಿದೀನಿ, ಮಧ್ಯೆ ಇದ್ಯಾಕೆ" ಅಂದವನು ನಾನು. ಈಗ ಅದೇ ನಾನು ಬೆಳಗಾದರೆ ಅದರ ಬಾಗಿಲಲ್ಲಿ. ಹೊರಗೆ ನೀರಿನ ಮೇಲೆ ಇನ್ನೂ ಮಂಜುಗಡ್ಡೆಯ ಪದರ, ಒಳಗೆ ಕಾಲಿಟ್ಟರೆ ಮೈ ಬೆವರುತ್ತದೆ. ಬಿಸಿಲೇರಿದರೆ ಗಾಜು ತೆರೆಯಬೇಕು, ಗಾಳಿ ಎದ್ದರೆ ಮುಚ್ಚಬೇಕು, ಸಂಜೆ ಕಂಬಳಿ ಹೊದಿಸಬೇಕು, ಚಳಿ ಬಿಗಿಯಾದರೆ ಬೆರಣಿಯ ಒಲೆ ಹಚ್ಚಬೇಕು. ಎಳೆಗೂಸಿಗೂ ಇಷ್ಟು ಆರೈಕೆ ಬೇಡ ಕಣೇ. ನಮ್ಮ ಬುರುಲ್‌ಗೆ ನಾನು ಇದರ ಕಾಲುಭಾಗವೂ ಮಾಡಲಿಲ್ಲ ಅಂತ ನೀನು ಗೊಣಗುವುದು ಇಲ್ಲಿಗೇ ಕೇಳಿಸುತ್ತಿದೆ.

ಬಳ್ಳಿ ಚೆನ್ನಾಗಿಯೇ ಹಬ್ಬಿತು, ಹೂವಾಯಿತು. ಅಲ್ಲಿ ನನ್ನ ಅತಿಬುದ್ಧಿ ಕೆಲಸ ಮಾಡಿತು. ಕೆಲವು ಹೂಗಳ ಬೆನ್ನಿಗೆ ಸಣ್ಣ ಹೀಚು ಅಂಟಿಕೊಂಡಿತ್ತು, ಹೆಚ್ಚಿನವು ಬರೀ ತೊಟ್ಟಿನ ಮೇಲೆ ನಿಂತಿದ್ದವು. ಓಹೋ, ಬರೀ ತೊಟ್ಟಿನವು ಗಂಡು, ಹೀಚಿನವು ಹೆಣ್ಣು ಅಂತ ತಕ್ಷಣ ಗುರುತು ಹಿಡಿದೆ. ಮಂದೆ ಕಾಯ್ದ ಕಣ್ಣಲ್ಲವೇ! ಇಷ್ಟೊಂದು ಗಂಡುಗಳು ಸುಮ್ಮನೆ ನೀರು ಕುಡಿದು ಕೂತಿವೆಯಲ್ಲ ಅಂತ ಹೊಟ್ಟೆ ಉರಿಯಿತು. ಇಡೀ ಮಂದೆಗೆ ಒಂದು ಒಳ್ಳೆಯ ಟಗರು ಸಾಲದೇ? ದಷ್ಟಪುಷ್ಟವಾದ ಒಂದು ಹೂವನ್ನು ಉಳಿಸಿ ಉಳಿದ ಗಂಡುಗಳನ್ನೆಲ್ಲ ಚಿವುಟಿ ಹಾಕಿದೆ. ಮೊಗ್ಗನ್ನೂ ಬಿಡಲಿಲ್ಲ. ಮಹಾ ಕೆಲಸ ಮಾಡಿದವನ ಹಾಗೆ ಮೀಸೆ ತಿರುವುತ್ತಾ ಬಂದು ಚಹಾ ಕುಡಿದೆ. ಆ ಒಂದು ಟಗರು ಸಂಜೆಗೇ ಬಾಡಿ ಉದುರಿತು. ಆಮೇಲೆ ಹೀಚುಗಳೂ ಒಂದೊಂದಾಗಿ ಹಳದಿ ತಿರುಗಿ ಮುರುಟಿಕೊಂಡವು.

ಪಕ್ಕದ ಮನೆಯ ಉಮ್ಸುನಾಯ್‌ಳನ್ನು ಕರೆದು ತೋರಿಸಿದೆ, ನನ್ನ ಟಗರಿನ ಲೆಕ್ಕವನ್ನೂ ಹೇಳಿದೆ. ಬಳ್ಳಿ ನೋಡಿದಳು, ನೆಲದ ಮೇಲಿದ್ದ ಹೂ ನೋಡಿದಳು, ನನ್ನ ಮುಖ ನೋಡಿದಳು. ತಲೆವಸ್ತ್ರದ ತುದಿಯನ್ನು ಬಾಯಿಗೆ ಒತ್ತಿಕೊಂಡು ಅಲ್ಲೇ ಕುಸಿದು ಕೂತು ನಕ್ಕಳು. "ಅಯ್ಯೋ ಅಪ್ಸಮತಣ್ಣಾ, ಇವೇನು ಕುರಿಗಳಾ, ಟಗರಿನ ಹತ್ರ ತಾವೇ ನಡ್ಕೊಂಡು ಹೋಗೋಕೆ? ಈ ಎತ್ತರದಲ್ಲಿ ಜೇನು ಎಲ್ಲಿದೆ? ದಿನಾ ಬೆಳಿಗ್ಗೆ ಅತ್ತಿಗೆ ಕುಂಚ ಹಿಡ್ಕೊಂಡು ಗಂಡು ಹೂವಿನ ಪರಾಗದ ಧೂಳು ಹೆಣ್ಣು ಹೂವಿಗೆ ಮುಟ್ಟಿಸ್ತಿದ್ದದ್ದು ನೀವು ನೋಡೇ ಇಲ್ವಾ?" ನೋಡಿದ್ದೆ ಕಣೇ. ಹೂವಿನ ಧೂಳು ಒರೆಸುತ್ತಿದ್ದೀಯ ಅಂದುಕೊಂಡಿದ್ದೆ. ನೀನು ಹೊರಡುವಾಗ ಲಾರಿ ಹತ್ತಿ ನಿಂತು ಅದನ್ನೇ ಹೇಳಿದ್ದೆ ಅಂತ ಈಗ ನೆನಪಾಗುತ್ತದೆ. ನನ್ನ ಕಣ್ಣು ನಿನ್ನ ನೀಲಿಗಟ್ಟಿದ ತುಟಿಯ ಮೇಲಿತ್ತು, ಮಾತು ಕಿವಿಗೆ ಬೀಳಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಹೊಸ ಗಂಡು ಹೂ ಅರಳುವವರೆಗೆ ಏನು ಮಾಡುವುದು? ಜೀವಮಾನದಲ್ಲಿ ಯಾರ ಮನೆಯ ಟಗರನ್ನೂ ಕೇಳದ ನಾನು ಮನೆಮನೆಯ ಬಾಗಿಲು ತಟ್ಟಿದೆ. "ತಾಯೀ, ಒಂದೆರಡು ಗಂಡು ಹೂ ಕೊಡ್ತೀರಾ?" ಹೆಂಗಸರೆಲ್ಲ ಬಾಯಿ ಮುಚ್ಚಿಕೊಂಡು ನಗುತ್ತಲೇ ಕೊಟ್ಟರು. ಗಾಳಿಗೆ ಹಾರಿಹೋದಾವೆಂದು ನನ್ನ ಬಿಳಿಯ ಕಲ್ಪಾಕ್ ಟೋಪಿಯನ್ನು ತೆಗೆದು ಅದರೊಳಗಿಟ್ಟುಕೊಂಡು, ಎರಡೂ ಕೈಯಲ್ಲಿ ಹಿಡಿದು, ಬೋಳುತಲೆಯಲ್ಲಿ ಬಜಾರು ದಾಟಿ ಬಂದೆ. ಟೋಪಿಯಿಲ್ಲದ ನನ್ನ ತಲೆಯನ್ನು ಈ ಊರು ಯಾವಾಗ ನೋಡಿತ್ತು? ಮುದುಕರು ಸಾವಿನ ಸುದ್ದಿಯೆಂದು ಎದ್ದು ನಿಂತು "ಏನಯ್ಯಾ, ಯಾರು ಹೋದ್ರು?" ಅಂದರು. ಯಾರೂ ಹೋಗಿಲ್ಲ, ಎಲ್ಲರೂ ಚೆನ್ನಾಗಿದ್ದಾರೆ ಅಂದೆ. ಹಾಗೆಂದು ಟೋಪಿಯನ್ನು ಎದೆಗವಚಿಕೊಂಡು ಬೇಗ ಬೇಗ ನಡೆದೆ.

ಯಾಕ್ ಬಾಲದ ಕೂದಲಿನಿಂದ ಕುಂಚ ಮಾಡಿಕೊಂಡೆ. ನನ್ನ ಈ ದಪ್ಪ ಬೆರಳುಗಳಲ್ಲಿ ಕುಂಚ ನಿಲ್ಲುವುದೇ ಇಲ್ಲ, ಆದರೂ ಬೆಳಿಗ್ಗೆ ಹೂ ಅರಳಿದ ಕೂಡಲೇ ಹೋಗಿ ಒಂದನ್ನೂ ಬಿಡದೆ ಮುಟ್ಟಿಸಿದೆ. ಮುಟ್ಟಿಸುವಾಗ ಪ್ರತಿ ಹೂವಿಗೂ ಬಿಸ್ಮಿಲ್ಲಾ ಅಂದೆ, ನಗಬೇಡ. ಈ ಸಲ ಹೀಚು ಹಳದಿಯಾಗಲಿಲ್ಲ. ಮೊದಲು ಕಿರುಬೆರಳಷ್ಟು, ಆಮೇಲೆ ಗೇಣುದ್ದ. ಮೊದಲ ಕಾಯಿಯನ್ನು ಕೊಯ್ದು ಮುರಿದಾಗ ಬಂದ ಆ ವಾಸನೆಗೆ, ನೀನೇ ಬಾಗಿಲು ತೆರೆದು ಒಳಗೆ ಬಂದೆಯೇನೋ ಅನ್ನಿಸಿ ತಿರುಗಿ ನೋಡಿದೆ. ಒಂದನ್ನು ಉಪ್ಪು ಹಚ್ಚಿ ತಿಂದೆ. ಚೆನ್ನಾಗಿತ್ತು. ಇಷ್ಟು ವರ್ಷ ಬೇಡ ಬೇಡ ಅಂದು ನಿನ್ನ ಕೈಯದನ್ನು ತಿನ್ನದೆ ಹೋದೆನಲ್ಲ, ಅದೊಂದು ಸಂಕಟ.

ಎಲ್ಲಕ್ಕಿಂತ ಒಳ್ಳೆಯ ಎರಡು ಕಾಯಿಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಎರ್ಗೆಶನ ಕೈಲಿ ಕಳಿಸಿದ್ದೇನೆ. ಅವನು ದಾರಿಯಲ್ಲಿ ಕಡಿಯದಿದ್ದರೆ ನಿನ್ನ ಪುಣ್ಯ. ಮಾತ್ರೆ ತಪ್ಪಿಸಬೇಡ, ಉಪ್ಪು ಚಹಾ ಕೇಳಿ ಬುರುಲ್‌ಳನ್ನು ಕಾಡಬೇಡ. ಅಳಿಯನಿಗೆ ಸಲಾಮು, ಮೊಮ್ಮಕ್ಕಳ ಹಣೆಗೆ ನನ್ನದೊಂದು ಮುತ್ತು. ಅಲ್ಲಾಹನು ನಿನ್ನ ಉಸಿರನ್ನು ಹಗುರ ಮಾಡಲಿ.

ನಿನ್ನ ಮುದುಕ,
ಅಪ್ಸಮತ್

ಮತ್ತೆ: ಎರ್ಗೆಶ್ ಹಾರನ್ ಹೊಡೆಯುತ್ತಿದ್ದಾನೆ, ಬೇಗ ಬೇಗ ಬರೆಯುತ್ತಿದ್ದೇನೆ. ಡಾಕ್ಟರು ಹೇಳಿದ್ದು ನನಗೆ ಗೊತ್ತು. ನೀನು ಇನ್ನು ಯಾವತ್ತೂ ಮೇಲೆ ಹತ್ತುವ ಹಾಗಿಲ್ಲವಂತೆ. ಬುರುಲ್‌ಗೆ ಬೈಯಬೇಡ, ನಾನೇ ಬಾಯಿ ಬಿಡಿಸಿದೆ. "ನಿಮ್ಮಪ್ಪಂಗೆ ಹೇಳ್ಬೇಡ, ಆ ಮನುಷ್ಯ ಯಾಕ್ ಇದ್ದ ಹಾಗೆ, ಕೆಳಗಿಳಿದ್ರೆ ಬದುಕಲ್ಲ" ಅಂದೆಯಂತೆ. ಅವಳ ಮದುವೆಗೆ ಓಷ್‌ಗೆ ಇಳಿದಾಗ ಅಲ್ಲಿಯ ಗಾಳಿ ದಪ್ಪ ಅಂತ ನಾನು ಒಂದೇ ರಾತ್ರಿಗೆ ಓಡಿಬಂದೆ, ನಿಜ. ಆದರೆ ನಾನು ಯಾಕ್ ಅಲ್ಲ ಕಣೇ. ಮಂದೆಯನ್ನು ತಶ್ತಾನನಿಗೆ ಒಪ್ಪಿಸಿದೆ, ಹಸಿರುಮನೆಯ ಬೀಗದ ಕೈಯನ್ನು ಉಮ್ಸುನಾಯ್‌ಗೆ. ಎರ್ಗೆಶನ ಮುಂದಿನ ಲಾರಿಯಲ್ಲಿ ನಾನೇ ಬರುತ್ತೇನೆ. ಹೇಳದೆ ಕೇಳದೆ ಬಾಗಿಲಲ್ಲಿ ನಿಂತರೆ ನಿನ್ನ ಎದೆ ಹೊಡೆದುಕೊಂಡೀತು ಅಂತ ಮೊದಲೇ ತಿಳಿಸುತ್ತಿದ್ದೇನೆ. ಓಷ್‌ನಲ್ಲಿ ಸೌತೆ ಹಿತ್ತಲಲ್ಲೇ ಬೆಳೆಯುತ್ತಂತೆ, ಜೇನು ತಾನಾಗಿ ಬಂದು ಹೋಗುತ್ತಂತೆ, ಗಾಜೂ ಬೇಡ ಕುಂಚವೂ ಬೇಡವಂತೆ. ಹಾಗಾದರೆ ಅಲ್ಲಿ ನನಗೇನು ಕೆಲಸ ಅಂತ ನೀನೇ ಯೋಚಿಸಿ ಇಟ್ಟಿರು.