ಉಜ್ಜಬೇಡ, ಸವರು

ಜಯಲಕ್ಷ್ಮಿಪುರಂ

ನನ್ನ ಹಟಮಾರಿ ಅಕ್ಕ ದೇವಿರಮ್ಮನಿಗೆ,

ನಜರ್‌ಬಾದಿಗೆ ಬಂದು ಎದುರಿಗೇ ಹೇಳಬಹುದಿತ್ತು, ಫೋನಾದರೂ ಮಾಡಬಹುದಿತ್ತು. ಆದರೆ ನಾನು ಮಾತು ಶುರುಮಾಡುವಷ್ಟರಲ್ಲಿ ನೀನು ಮಧ್ಯೆ ಬಾಯಿ ಹಾಕುತ್ತೀಯ. ಹೊಗಳಲು ಹೊರಟವಳು ನಿನ್ನ ಕೈಲಿ ಬೈಸಿಕೊಂಡು ಫೋನ್ ಇಡುತ್ತೇನೆ. ಕಾಗದವಾದರೆ ಕೊನೆಯವರೆಗೂ ಸುಮ್ಮನೆ ಓದಬೇಕು. ನಿನ್ನೆ ನನ್ನ ಮಗಳು ಗಗನಳ ಮದುವೆಯಲ್ಲಿ ನೀನು ಹಾಡಿದ್ದು ಇನ್ನೂ ಕಿವಿಯಲ್ಲಿದೆ, ಅದಕ್ಕೇ ಬರೆಯುತ್ತಿದ್ದೇನೆ.

ಹೋದ ವರ್ಷ ಇದೇ ಹೊತ್ತಿಗೆ ನೀನು ಸೋಬಾನೆ ಬಿಟ್ಟುಬಿಟ್ಟೆ ಎಂದು ಸಾರಿದ್ದೆ. ನಮ್ಮ ನೆಂಟರ ಯಾವ ಮದುವೆಯಲ್ಲೂ ನಿನ್ನ ದನಿ ಏಳದೆ ಅರಿಶಿನ ಹಚ್ಚಿದ್ದಿಲ್ಲ. ಅಂಥವಳು ಮೂಲೆ ಹಿಡಿದು ಕೂತೆ. ಮುಂದಿನ ಹಲ್ಲುಗಳು ಉದ್ದವಾಗಿ ಕಾಣುತ್ತಿದ್ದವು, ಒಂದೆರಡು ಅಲ್ಲಾಡುತ್ತಿದ್ದವು. ಸಂದಿಯಲ್ಲಿ ಗಾಳಿ ನುಗ್ಗಿ ಹಾಡಿನ ಮಾತು ಜಾರುತ್ತಿತ್ತು. ತಣ್ಣೀರು ಕುಡಿದರೆ ಜುಮ್ಮೆನ್ನುತ್ತಿತ್ತು. "ಈ ವಯಸ್ಸಲ್ಲಿ ಹಲ್ಲು ಬೆಳೀತಾವೆ ಕಣೇ. ಎಲ್ಲಾ ಕೀಳಿಸ್ಬುಟ್ಟು ಸೆಟ್ ಕಟ್ಟಿಸ್ಕಂಬುಡ್ತೀನಿ" ಅಂದೆ. ಸೆಟ್ ಹಲ್ಲು ಬಾಯಿಗೆ ಒಗ್ಗದೆ ಹಾಡುವುದನ್ನೇ ನಿಲ್ಲಿಸಿದ ಚಿಕ್ಕವ್ವನನ್ನು ನಾನು ಕಣ್ಣಾರೆ ಕಂಡಿದ್ದೆ. ನಿನ್ನ ದನಿಯೂ ಹಾಗೇ ಹೋಗಿಬಿಡುತ್ತದೆ ಎಂದು ನಿಜಕ್ಕೂ ಹೆದರಿದೆ.

ನಮ್ಮ ರಸ್ತೆಯ ದಂತವೈದ್ಯೆ ಸಮನ್ವಿತಾ ಬಳಿ ನಿನ್ನನ್ನು ಕರೆದುಕೊಂಡು ಹೋಗಿದ್ದು ಹಲ್ಲು ಕೀಳಿಸುತ್ತೇನೆಂದು ಪುಸಲಾಯಿಸಿ. ಇಲ್ಲದಿದ್ದರೆ ನೀನು ಬರುತ್ತಿದ್ದೆಯಾ? ಅವರು ಬಾಯಿ ನೋಡಿ, "ಅಮ್ಮ, ಹಲ್ಲು ಬೆಳೆದಿಲ್ಲ. ವಸಡು ಹಿಂದಕ್ಕೆ ಸರಿದು ಬೇರು ಕಾಣ್ತಿದೆ, ಅಷ್ಟೇ. ಹೇಗೆ ಉಜ್ತೀರಾ, ತೋರ್ಸಿ" ಅಂದರು. ನೀನು ಮೊಣಕೈ ಎತ್ತಿ, ಹಲ್ಲು ಕಚ್ಚಿ, ಗಾಳಿಯಲ್ಲೇ ಬ್ರಷ್ ಆಡಿಸಿ ತೋರಿಸಿದೆಯಲ್ಲ, ಆ ಡಾಕ್ಟರ್ ಹುಡುಗಿ ಬೆಚ್ಚಿಬಿದ್ದಳು. ಆಕೆಗೇನು ಗೊತ್ತು, ಹಿತ್ತಾಳೆ ತಂಬಿಗೆಗೆ ಹುಣಸೆಹಣ್ಣು ಹಾಕಿ ಉಜ್ಜಿದ ಕೈ ಅದು. ಅವ್ವ ನಮಗೆ ಪಾತ್ರೆಗೂ ಹಲ್ಲಿಗೂ ಒಂದೇ ಮಾತು ಕಲಿಸಿದಳು: ಉಜ್ಜು. ಉಜ್ಜಿದಷ್ಟೂ ಹೊಳಪು. ವಸಡಿನಲ್ಲಿ ರಕ್ತ ಬಂದರೆ ಕೊಳೆ ಹೋಗಿಲ್ಲ ಎಂದುಕೊಂಡು ನೀನು ಇನ್ನಷ್ಟು ಉಜ್ಜಿದೆ. ನಾನೂ ಹಾಗೇ ಮಾಡುತ್ತಿದ್ದೆ.

"ಇವತ್ತಿಂದ ಉಜ್ಜೋದು ಅನ್ನೋ ಮಾತೇ ಬೇಡ ಅಮ್ಮ. ಮೆತ್ತನೆ ಬ್ರಷ್ ತಗೊಂಡು, ವಸಡಿನ ಅಂಚಿಂದ ಹಲ್ಲಿನ ಕಡೆಗೆ ಸವರಿ" ಅಂದರು.

"ಸವರಕ್ಕೆ ಇದೇನ್ ರೊಟ್ಟಿಗಾಕೋ ಬೆಣ್ಣೆಯಾ ಡಾಕ್ಟ್ರೇ?" ಅಂದೆ ನೀನು. ಹಾಗೇ ಅಂದುಕೊಳ್ಳಿ ಎಂದು ಅವರು ನಕ್ಕರು.

ಆಮೇಲೆ ಕಲ್ಲಿನ ಜಗಳ. ಹಲ್ಲಿನ ಬುಡದಲ್ಲಿ ಕಟ್ಟಿದ ಕಲ್ಲು ತೆಗೆದರೆ ಹಲ್ಲೆಲ್ಲ ಉದುರುತ್ತವೆ ಎಂದು ಕುರ್ಚಿಯಿಂದ ಎದ್ದೇಬಿಟ್ಟೆ. "ಹಲ್ಲನ್ನ ಹಿಡ್ಕೊಂಡಿರೋದು ಕಲ್ಲಲ್ಲ ಅಮ್ಮ, ವಸಡು, ಮೂಳೆ. ಕಲ್ಲಿದ್ರೆ ಅವೆರಡೂ ಸವೀತವೆ. ಹೋದ ವಸಡು ತಾನಾಗಿ ವಾಪಸ್ ಬರಲ್ಲ. ಇರೋದನ್ನ ಉಳಿಸ್ಕೋಬಹುದು. ಎಲೆಅಡಿಕೆ ಜೊತೆ ಹಾಕೋ ಹೊಗೆಸೊಪ್ಪಿನ ಕಡ್ಡಿಪುಡಿ ಮಾತ್ರ ಬಿಡ್ಲೇಬೇಕು" ಎಂದು ಆಕೆ ಮೆಲ್ಲಗೆ ಹೇಳಿದರು. ನೀನು ಹೋಗಿ ಮತ್ತೆ ಕುರ್ಚಿಯಲ್ಲಿ ಕೂತು ಕಲ್ಲು ತೆಗೆಸಿಕೊಂಡೆ.

ಕಡ್ಡಿಪುಡಿ ಬಿಡುವುದು ಆಡಿದಷ್ಟು ಸುಲಭವಲ್ಲ. ನಿನ್ನ ಸಿಡುಕು ತಾಳಲಾರದೆ ಮಂಟಯ್ಯ ಭಾವ ನಮ್ಮ ಜಗಲಿಗೆ ಬಂದು ಪೇಪರ್ ಓದುತ್ತಾ ಕೂರುತ್ತಿದ್ದರು. "ನಿಮ್ಮಕ್ಕನ್ ಹಲ್ಲು ಉಳೀತಾವೆ ಮಣಿ, ನಾ ಉಳಿಯೋದೇ ಅನುಮಾನ" ಅನ್ನುತ್ತಿದ್ದರು. ಆದರೂ ನೀನು ಸೋಲಲಿಲ್ಲ. ದಿನಾ ಕನ್ನಡಿ ಮುಂದೆ ನಿಂತು, ಆ ಒರಟು ಕೈಯನ್ನು ಬೈದು ಬೈದು ಮೆತ್ತಗೆ ಮಾಡಿದೆ. ರಕ್ತ ನಿಂತಿತು. ಅಲ್ಲಾಡುತ್ತಿದ್ದ ಹಲ್ಲು ಗಟ್ಟಿಯಾಗಿ ಕೂತವು. ಡಾಕ್ಟರು ಮತ್ತೆ ಅಳತೆ ನೋಡಿ, ವಸಡು ಮೊದಲಿದ್ದ ಜಾಗದಿಂದ ಒಂದು ಕೂದಲೆಳೆಯಷ್ಟೂ ಸರಿದಿಲ್ಲ ಅಂದಾಗ ನೀನು ನಂಬಲೇ ಇಲ್ಲ. ನಿನ್ನನ್ನು ಮನೆಗೆ ಬಿಡಲು ಬರುವಾಗ ನಾನು ಆಟೋದಲ್ಲಿ ಕೂತು ಅತ್ತೆ. ಕಣ್ಣಿಗೆ ಧೂಳು ಬಿತ್ತು ಅಂದದ್ದು ಸುಳ್ಳು.

ಇನ್ನು ನಿನ್ನೆಯ ಮಾತು. ಗಂಡಿನ ಕಡೆಯ ಹೆಂಗಸರು ಬೀಗರ ಹಾಡು ಹಿಡಿದು ನಮ್ಮನ್ನು ಚೆನ್ನಾಗಿಯೇ ಆಡಿಕೊಂಡರು. ನಮ್ಮವರು ಪೆಚ್ಚಾಗಿ ಮುಖ ಮುಖ ನೋಡಿಕೊಳ್ಳುವಾಗ ನೀನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದ್ದೆ. ಆಹಾ ಅಕ್ಕ, ಒಂದು ಅಕ್ಷರ ಜಾರಲಿಲ್ಲ. ಬೀಗರ ಮೀಸೆಯಿಂದ ಹಿಡಿದು ಅವರು ತಂದ ಬಾಳೆಹಣ್ಣಿನವರೆಗೆ ಒಂದನ್ನೂ ಬಿಡದೆ ಹಾಡಿದೆ. ಅಡುಗೆ ಭಟ್ಟರು ಸೌಟು ಹಿಡಿದೇ ಬಾಗಿಲಿಗೆ ಬಂದರು. ಗಂಡಿನ ಕಡೆಯವರೇ ಮೊದಲು ಚಪ್ಪಾಳೆ ತಟ್ಟಿದರು.

ಹಾಡು ಮುಗಿದ ಮೇಲೆ ಗಂಡಿನ ಸೋದರತ್ತೆ ನಿನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದರಲ್ಲ, "ಎಷ್ಟ್ ಚೆಂದಾಗಿ ಕೂತದೆ ಸೆಟ್ಟು, ಎಲ್ಲಿ ಕಟ್ಟಿಸ್ಕಂಡ್ರಿ?" ಎಂದು. ನೀನು ಬಾಯ್ತುಂಬ ನಕ್ಕೆ.

"ಸೆಟ್ಟಲ್ಲ ಕಣಮ್ಮ, ನಮ್ಮವ್ವ ಕೊಟ್ಟವು. ಇನ್ನೂ ಒಂದ್ನೂ ವಾಪಸ್ ಕೊಟ್ಟಿಲ್ಲ."

ನೂರು ಮದುವೆಗೆ ನಿನ್ನ ಸೋಬಾನೆ ಕೇಳಲಿ. ನನ್ನನ್ನೂ ಹರಸು ಅಕ್ಕ.

ನಿನ್ನ ಬೈಗುಳಕ್ಕೆ ಕಾದಿರುವ ತಂಗಿ,
ನಾಗಮಣಿ