ತಾಯಂದಿರ ಕೊಠಡಿಯಲ್ಲಿ ಮಲಗಿದ್ದ ಭಾವಮೈದುನ

ಮಾನ್ಯ ರೈಲು ನಿಲ್ದಾಣಾಧಿಕಾರಿಗಳೇ,

ತಮ್ಮ ಭಾವಮೈದುನರಿಗೆ ಈಗ ನಿದ್ದೆ ಸರಿಯಾಗಿ ಬರುತ್ತಿದೆಯೇ? ನಾನು ಅವರ ನಿದ್ದೆಗೂ ತಮ್ಮ ಮಾನಕ್ಕೂ ಭಂಗ ತಂದೆನೆಂದು ನನ್ನಿಂದ ಲಿಖಿತ ಕ್ಷಮಾಪಣೆ ಬಯಸಿದ್ದೀರಂತೆ. ಇದು ಅದಲ್ಲ. ಆದರೂ ಓದಿ. ಹಸುಗೂಸುಗಳಿಗೆಂದು ಜನರ ದುಡ್ಡಲ್ಲಿ ಕಟ್ಟಿಸಿದ ಕೊಠಡಿಯನ್ನು ತಾವು ಬೀಗರ ಬಿಡಾರ ಮಾಡಿಕೊಂಡಿರಿ. ಏಳು ತಿಂಗಳ ನನ್ನ ಮಗಳನ್ನು ಸುಡುವ ತಗಡಿನ ಕೆಳಗೆ ಕೂರಿಸಿದಿರಿ. ಅದನ್ನು ನಾನು ಬಾಯಿಬಿಟ್ಟು ಹೇಳಿದ್ದಕ್ಕೆ, ಏನೂ ತಪ್ಪು ಮಾಡದ ಒಬ್ಬ ಹುಡುಗಿಯ ಕೆಲಸ ಕಿತ್ತುಕೊಂಡಿರಿ. ದೂರು ಇಷ್ಟೇ. ವಿವರ ಮುಂದಿದೆ, ನಾಲ್ಕು ಜನ ಓದಲೆಂದೇ ಪತ್ರಿಕೆಗೆ ಕಳಿಸುತ್ತಿದ್ದೇನೆ.

ಮಗು ಹುಟ್ಟಿದ ಮೇಲೆ ಅದು ನಮ್ಮ ಮೊದಲ ಪ್ರವಾಸ, ಸಮುದ್ರ ನೋಡಲೆಂದು. ನಾನು, ನನ್ನ ಗಂಡ, ಮಗು, ಹುಟ್ಟಿದಾಗಿನಿಂದ ಸಮುದ್ರವನ್ನೇ ನೋಡದ ನಮ್ಮ ಅತ್ತೆ. ತಮ್ಮ ನಿಲ್ದಾಣದಲ್ಲಿ ರೈಲು ಬದಲಿಸಬೇಕಿತ್ತು. ಮುಂದಿನ ರೈಲು ತಡ ಎಂದರು. ಮಧ್ಯಾಹ್ನದ ಬಿಸಿಲು; ಮಗುವಿಗೆ ಹಸಿವು, ಮೇಲಾಗಿ ಬಟ್ಟೆಯೆಲ್ಲ ಹೊಲಸು. ಅಷ್ಟರಲ್ಲಿ ಧ್ವನಿವರ್ಧಕ ನುಡಿಯಿತು: "ಹಸುಗೂಸುಗಳೊಂದಿಗೆ ಪ್ರಯಾಣಿಸುತ್ತಿರುವ ತಾಯಂದಿರ ಗಮನಕ್ಕೆ. ತಮ್ಮ ಅನುಕೂಲಕ್ಕಾಗಿ ಎರಡನೇ ಪ್ಲಾಟ್‌ಫಾರಂನಲ್ಲಿ ತಾಯಿ-ಮಗುವಿನ ಕೊಠಡಿಯಿದೆ."

ಆ ದನಿ ಯಾರದೆಂದು ತಮಗೆ ಆಗ ಗೊತ್ತಿರಲಿಲ್ಲ. ನನ್ನದೇ. ಪ್ರಕಟಣೆಗಳಿಗೆ ದನಿ ಕೊಡುವುದು ನನ್ನ ವೃತ್ತಿ. ಮದುವೆಗೂ ಮುಂಚೆ ತಮ್ಮ ಇಲಾಖೆಯ ಗಾಜಿನ ಕೋಣೆಯಲ್ಲಿ ಕೂತು, "ಇನ್ನೂ ಸ್ವಲ್ಪ ನಗ್ತಾ ಹೇಳಿ ಮೇಡಂ" ಎಂದವರ ಮಾತಿಗೆ ನಗುತ್ತ ಓದಿದ ಸಾಲು ಅದು.

"ನೀನೇ ಕರೀತಿದ್ದೀಯಲ್ಲೇ, ನಡಿ ಮತ್ತೆ," ಎಂದು ಅತ್ತೆ ನಕ್ಕರು.

ನನ್ನ ಮಾತು ನಂಬಿ ನಾನೇ ಹೋದೆ. ಬಾಗಿಲು ಒಳಗಿನಿಂದ ಭದ್ರ. ಬಡಿದಾಗ ಬನಿಯನ್ನಿನ ಮಹಾಶಯರೊಬ್ಬರು ಅಷ್ಟೇ ಅಷ್ಟು ತೆರೆದರು. ಸಂದಿಯಿಂದ ತಣ್ಣನೆ ಗಾಳಿ ಬಂತು. ಹಾಲುಣಿಸುವ ಕುರ್ಚಿಗೆ ದಿಂಬು ಆನಿಸಿತ್ತು; ಮಕ್ಕಳ ಬಟ್ಟೆ ಬದಲಿಸುವ ಮೇಜನ್ನು ಕಾಲು ಚಾಚಿಕೊಳ್ಳಲು ಎದುರಿಗೆ ಎಳೆದಿಟ್ಟಿತ್ತು.

"ಯಾರ್ರೀ ಅದು? ಮಲಗೋಕೂ ಬಿಡಲ್ವಲ್ಲ! ಇಲ್ಲಿನ ಸಾಹೇಬ್ರು ನಮ್ಮ ಭಾವ, ಅವರನ್ನೇ ಕೇಳ್ಕೊಳ್ಳಿ," ಎಂದು ಧಡಾರನೆ ಬಾಗಿಲು ಹಾಕಿಕೊಂಡರು.

ತಮ್ಮನ್ನೇ ಕೇಳಿದೆವು. ನನ್ನ ಗಂಡ ಜಗಳ ಗೊತ್ತಿಲ್ಲದ ಮನುಷ್ಯ, ಮಾತುಮಾತಿಗೂ 'ಸರ್' ಸೇರಿಸಿ ಬೇಡಿಕೊಂಡರು. ತಾವು ಟೀ ಲೋಟ ಕೆಳಗಿಡದೆ ಅಪ್ಪಣೆ ಕೊಡಿಸಿದಿರಿ: "ನಮ್ಮಮ್ಮ ನಮ್ಮನ್ನ ಸಾಕ್ಲಿಲ್ವಾ, ಇದೆಲ್ಲ ಎಲ್ಲಿತ್ತು? ಇಷ್ಟು ಕಷ್ಟ ಆಗೋರು ಮಗು ಕಟ್ಕೊಂಡು ಊರು ಸುತ್ತೋಕೆ ಯಾಕೆ ಬರ್ಬೇಕು? ಮನೇಲಿರ್ಬೇಕಪ್ಪ."

ಇಲ್ಲಿಗೆ 'ತಾವು' ಸಾಕು. ಇನ್ನು ನೀವು ಎನ್ನುತ್ತೇನೆ. ಅದೂ ನನಗೆ ಅಕ್ಷರ ಕಲಿಸಿದವರ ಮೇಲಿನ ಗೌರವಕ್ಕೆ.

ಮಗು ಇರುವವರು ಮನೆಯಲ್ಲೇ ಕೊಳೆಯಬೇಕೆಂಬ ಕಾನೂನು ಯಾವ ಪುಸ್ತಕದಲ್ಲಿದೆ? ಹಾಗಿದ್ದರೆ ಮೀಸೆ ಬಂದ ಭಾವಮೈದುನರು ಮಾತ್ರ ಊರು ಸುತ್ತಬಹುದೇ? ಅವರಿಗೂ ತಾಯಿ-ಮಗುವಿನ ಕೊಠಡಿಯೇ ಬೇಕೆಂದರೆ, ಅವರು ಆ ಎರಡರಲ್ಲಿ ಯಾವುದು?

ಪಾರ್ಸೆಲ್ ಗಾಡಿಗಳ ಮರೆಯಲ್ಲಿ, ಕಾದ ತಗಡಿನ ಚಾವಣಿಯ ಕೆಳಗೆ ನೆಲದ ಮೇಲೆ ಕೂತೆ. ಅತ್ತೆ ಶಾಲು ಹಿಡಿದು ನಿಂತರು. ಮಗಳು ಇನ್ನೇನು ಹಾಲು ಕುಡಿಯಬೇಕು, ಮೇಲಿನಿಂದ ನನ್ನ ದನಿ: ತಾಯಂದಿರ ಗಮನಕ್ಕೆ. ಅವಳು ತಟ್ಟನೆ ಬಾಯಿ ಬಿಡಿಸಿಕೊಂಡು, ಅಮ್ಮ ಅಲ್ಲಿದ್ದಾಳೆಂದು ತಲೆಯೆತ್ತಿ ಧ್ವನಿವರ್ಧಕದತ್ತ ಕೈ ಚಾಚಿದಳು. ಮತ್ತೆ ಸಮಾಧಾನ ಮಾಡಿ ಎದೆಗವಚಿಕೊಂಡರೆ ಮತ್ತೆ ಅದೇ ಪ್ರಕಟಣೆ, ಮತ್ತೆ ಅವಳು ಮೇಲೆ ನೋಡಿ ಅಳುವುದು. ಕೊನೆಗೆ ಅಳುವ ಶಕ್ತಿಯೂ ಹೋಗಿ ಕುತ್ತಿಗೆ ವಾಲಿಸಿದಳು. ಮೈ ಮುಟ್ಟಿದರೆ ಕಾದ ಹೆಂಚು. ಮಗುವನ್ನು ಅತ್ತೆಯ ಕೈಗಿತ್ತು ಎದ್ದೆ.

ಪ್ರಕಟಣೆಯ ಕೋಣೆಯಲ್ಲಿ ಹುಡುಗಿಯೊಬ್ಬಳಿದ್ದಳು. ನಾನು ಬಾಯಿ ತೆರೆದದ್ದೇ ತಡ, "ಅಯ್ಯೋ ಅಕ್ಕಾ, ಈ ದನಿ ನಿಮ್ದಾ?" ಎಂದು ಬೆರಗಾದಳು. ಮೈಕ್ ಕೇಳಿದೆ. "ಬೇಡ ಅಕ್ಕಾ, ನನ್ನ ಬಯ್ತಾರೆ," ಎಂದಳು. ಅವಳು ಕೊಡಲಿಲ್ಲ. ಗುಂಡಿ ಒತ್ತಿದ್ದು ನನ್ನ ಬೆರಳು. ಹೇಳಿದ್ದು ನನ್ನ ಬಾಯಿ, ಅದೇ ನಗುಮುಖದ ದನಿಯಲ್ಲಿ:

"ಪ್ರಯಾಣಿಕರು ದಯವಿಟ್ಟು ಗಮನಿಸಿ. ನಿಲ್ದಾಣಾಧಿಕಾರಿಗಳ ಭಾವಮೈದುನರು ತಾಯಿ-ಮಗುವಿನ ಕೊಠಡಿಯಲ್ಲಿ ನಿದ್ರಿಸುತ್ತಿರುವ ಕಾರಣ ಸದರಿ ಕೊಠಡಿಯು ಲಭ್ಯವಿರುವುದಿಲ್ಲ. ಅವರು ಎದ್ದ ಕೂಡಲೇ ತಿಳಿಸಲಾಗುವುದು. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ಆಮೇಲಿನದ್ದು ನಿಮಗೇ ಗೊತ್ತು. ಕಂಕುಳಲ್ಲಿ ಮಕ್ಕಳನ್ನಿಟ್ಟುಕೊಂಡ ಹೆಂಗಸರು ಎಲ್ಲೆಲ್ಲಿಂದಲೋ ಬಂದು ಆ ಬಾಗಿಲ ಮುಂದೆ ನೆರೆದರು. ನಿಮ್ಮ ಭಾವಮೈದುನರು ದಿಂಬನ್ನು ಎದೆಗೊತ್ತಿಕೊಂಡು ಹೊರಬಂದಾಗ, "ಎದ್ದಾಯ್ತಾ ಕಂದಾ? ಹಾಲು ಕುಡಿದ್ಯಾ?" ಎಂದು ಕೇಳಿದವರು ನಮ್ಮ ಅತ್ತೆ. ಇಡೀ ಪ್ಲಾಟ್‌ಫಾರಂ ಬಿದ್ದು ಬಿದ್ದು ನಕ್ಕಿತು. ನನಗೂ ಹಾಲು ಕುಡಿದಷ್ಟು ಸಂತೋಷವಾಯಿತು, ಸುಳ್ಳೇಕೆ ಹೇಳಲಿ?

ಆದರೆ ಆ ಸಂತೋಷ ಉಳಿಯಲಿಲ್ಲ. ಸಮುದ್ರದೂರು ತಲುಪುವಷ್ಟರಲ್ಲಿ ಮಗಳಿಗೆ ಜ್ವರ ಏರಿತು. ರಜೆ ಪೂರ್ತಿ ಹೋಟೆಲ್ ಕೋಣೆಯಲ್ಲಿ ಒದ್ದೆ ಬಟ್ಟೆ ಹಿಂಡುವುದರಲ್ಲೇ ಕಳೆಯಿತು. ಅತ್ತೆ ಸಮುದ್ರವನ್ನು ನೋಡಿದ್ದು ಕಿಟಕಿಯಿಂದ. "ನೀರು ತಾನೇ, ಎಲ್ಲಿಗೂ ಹೋಗಲ್ಲ ಬಿಡು," ಎಂದರು. ಆಮೇಲೆ ಬಹಳ ಹೊತ್ತು ಕಿಟಕಿ ಬಿಟ್ಟು ಕದಲಲಿಲ್ಲ.

ಊರಿಗೆ ಮರಳುವಾಗ ನಿಮ್ಮ ನಿಲ್ದಾಣದಲ್ಲಿಳಿದು ನೋಡಿದೆ. ಮೈಕಿನ ಮುಂದೆ ಬೇರೆ ಯಾರೋ ಇದ್ದರು. ಆ ಹುಡುಗಿಯನ್ನು ಮರುದಿನವೇ ಮನೆಗೆ ಕಳಿಸಿದಿರಂತೆ. ಕೊಠಡಿಗೆ ಹೊಸ ಬೀಗ, ಬಾಗಿಲ ಮೇಲೆ 'ದಾಸ್ತಾನು' ಎಂಬ ಹೊಸ ಹಲಗೆ. ನನ್ನ ದನಿ ಮಾತ್ರ ಹಾಗೆಯೇ ನಗುನಗುತ್ತ ತಾಯಂದಿರನ್ನು ಕರೆಯುತ್ತಿತ್ತು. ಒಬ್ಬಾಕೆ ಅಳುವ ಕೂಸನ್ನೆತ್ತಿಕೊಂಡು ಆ ಬಾಗಿಲ ತನಕ ಹೋಗಿ, ಹಲಗೆ ಓದಿ, ಹಿಂತಿರುಗಿದಳು. ನನ್ನ ಬಾಯಲ್ಲಿ ಸುಳ್ಳು ಹೇಳಿಸುವ ಅಧಿಕಾರ ನಿಮಗೆ ಯಾರು ಕೊಟ್ಟರು?

ಹಾಗಾಗಿ ಕೇಳಿಸಿಕೊಳ್ಳಿ. ಆ ಹುಡುಗಿ ಅದೇ ಕುರ್ಚಿಗೆ ಮರಳಬೇಕು. ಕೊಠಡಿಯ ಬೀಗ ತೆಗೆಯಬೇಕು. ಕ್ಷಮಾಪಣೆಯನ್ನು ನೀವು ಬರೆದುಕೊಡುವುದು ಬೇಡ. ಮೈಕಿನ ಮುಂದೆ ಕೂತು ಸ್ವಂತ ದನಿಯಲ್ಲಿ ಹೇಳಿ. ತೊದಲಿದರೆ ತಿದ್ದಲು ನಾನು ಬರುತ್ತೇನೆ, ಅದು ನನ್ನ ಕಸುಬು.

ಆಗುವುದಿಲ್ಲ ಎನ್ನುವಿರಾ? ಒಳ್ಳೆಯದೇ ಆಯಿತು. ಮುಂದಿನ ತಿಂಗಳು ಅತ್ತೆಯನ್ನು ಕರೆದುಕೊಂಡು ಮತ್ತೆ ಅದೇ ದಾರಿಯಲ್ಲಿ ಹೊರಟಿದ್ದೇವೆ. ಅಂದು ಬಾಗಿಲ ಮುಂದೆ ನೆರೆದು ಫೋನ್ ನಂಬರು ಕೊಟ್ಟುಹೋದ ತಾಯಂದಿರಲ್ಲಿ ಹಲವರು ಕೂಸುಗಳ ಸಮೇತ ಬರುವುದಾಗಿ ಮಾತು ಕೊಟ್ಟಿದ್ದಾರೆ. ಕೊಠಡಿ ಮುಚ್ಚಿದ್ದರೆ ನೇರ ನಿಮ್ಮ ಕಚೇರಿಗೆ ಬರುತ್ತೇವೆ. ಅಲ್ಲಿ ಫ್ಯಾನಿದೆ, ಮೇಜೂ ಅಗಲವಾಗಿದೆ. ನಿಮ್ಮ ಟೀ ಲೋಟ ಒಂದಿಷ್ಟು ಪಕ್ಕಕ್ಕೆ ಸರಿಸಿಕೊಂಡರೆ, ಎಲ್ಲ ಮಕ್ಕಳ ಬಟ್ಟೆಯನ್ನೂ ಅಲ್ಲೇ ಬದಲಿಸಬಹುದು.

ಇಂತಿ,
ಮನೆಯಲ್ಲಿರಲು ಇನ್ನೂ ಕಲಿಯದ
ಒಬ್ಬ ತಾಯಿ